ಕುದರಿ ಕಾಗದ: ನಮ್ಮ ಮನೆಯ 1791ರ ಅಜ್ಜನ ಹುಡುಕಾಟ

ಈ ಸಲದ ಮಾತು ರಾಜ-ಮಹಾರಾಜರ ಬಗ್ಗೆ ಅಲ್ಲ, ನಮ್ಮ ಮನೆತನದ ಒಬ್ಬ ಕುಲಕರ್ಣಿಯ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ನಾನು ಇತಿಹಾಸ ಓದಿದವನಲ್ಲ. ಎಂ.ಟೆಕ್ ಮುಗಿಸಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ಊರಿನ ಹೆಸರು, ಮನೆಯವರ ಹೆಸರು ಹೇಳೋದಿಲ್ಲ. ಮನೆಯಲ್ಲಿ ಎಲ್ಲರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

ನಮ್ಮದು ಧಾರವಾಡದಿಂದ ಮೂರು ಹರದಾರಿ ದೂರದ ಹಳ್ಳಿ. ಹಳೇ ಮೈಸೂರಿನ ಕಡೆ ಶಾನುಭೋಗ ಅಂತಾರಲ್ಲ, ಅದೇ ಕೆಲಸಕ್ಕೆ ನಮ್ಮ ಕಡೆ ಕುಲಕರ್ಣಿ ಅಂತ ಹೆಸರು. ಊರಿನ ಹೊಲದ ಲೆಕ್ಕ, ಪಟ್ಟಿ, ಬಾಕಿ ಎಲ್ಲ ಬರೆಯೋರು. ಮನೆಯಲ್ಲಿ ತಲೆಮಾರಿನಿಂದ ಬಂದ ಒಂದು ಕಥೆ ಇತ್ತು, 'ಕುದರಿ ಅಜ್ಜ'ನ ಕಥೆ. ಪರಶುರಾಮ ಭಾವೂ ಪಟವರ್ಧನರು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದಾಗ ನಮ್ಮ ಅಜ್ಜ ಅವರ ಜೊತೆ ಸೇರಿ ಟಿಪ್ಪುವಿನ ಸೈನ್ಯದ ಮೇಲೆ ಕಾದಿದನಂತೆ. ಭಾವೂ ಮೆಚ್ಚಿ ಅವನಿಗೆ ಒಂದು ಕುದುರೆ ಕೊಟ್ಟರಂತೆ. ಸೂಟಿಯಲ್ಲಿ ಊರಿಗೆ ಹೋದಾಗಲೆಲ್ಲ ನಮ್ಮ ಕಾಕಾ ಈ ಕಥೆ ಹೇಳೋರು. ಒಂದು ವರ್ಷ ಕುದುರೆ ಬಿಳೀದು, ಇನ್ನೊಂದು ವರ್ಷ ಕಂದು.

ಕಾಕಾನ ಮೊಮ್ಮಗನ ಮುಂಜಿವೆ ಗೊತ್ತಾಯ್ತು. ಬಂದವರಿಗೆಲ್ಲ ಹಂಚೋಕೆ ವಂಶಾವಳಿಯ ಒಂದು ಸಣ್ಣ ಪುಸ್ತಕ ಮಾಡಿಸಬೇಕು, ಮುಖಪುಟದ ಮೇಲೆ ಕುದುರೆ ಏರಿದ ಅಜ್ಜನ ಚಿತ್ರ ಇರಬೇಕು ಅಂತ ಅವರ ಆಸೆ. ನನಗೆ ಫೋನ್ ಮಾಡಿದರು. "ನೀ ಪುಣ್ಯಾದಾಗ ಇದ್ದೀ. ಪೇಶವೇ ದಫ್ತರ ಅಲ್ಲೇ ಅದ. ಒಂದು ಪುರಾವೆ ತಗೊಂಡು ಬಾ, ಸಾಕು." ಅಲ್ಲಿಂದ ಶುರುವಾಯ್ತು ನೋಡಿ.

ಹುಡುಕಾಟ ಶುರುವಾಗಿದ್ದು ದಫ್ತರದಿಂದಲ್ಲ, ಅಟ್ಟದ ಮೇಲಿನ ಪೆಟ್ಟಿಗೆಯಿಂದ. ಕುಲಕರ್ಣಿ ವತನಗಳು 1950ರ ಮುಂಬೈ ಕಾಯಿದೆಯಿಂದ ರದ್ದಾದವು (ಧಾರವಾಡ ಆಗ ಮುಂಬೈ ರಾಜ್ಯದಲ್ಲಿತ್ತು). ಸರಕಾರಿ ಲೆಕ್ಕಪತ್ರ ಒಪ್ಪಿಸಿದ ಮೇಲೆ ಮನೆಯಲ್ಲಿ ಉಳಿದಿದ್ದು ಖಾಸಗಿ ಕಾಗದ ಮಾತ್ರ. ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಅದರಲ್ಲಿ ಒಂದು ಉದ್ದನೆಯ ಕಾಗದದ ಹಿಂಬದಿ, ಯಾರೋ ನಂತರದವರು ಕನ್ನಡದಲ್ಲಿ ಎರಡೇ ಪದ ಬರೆದಿದ್ದರು: 'ಕುದರಿ ಕಾಗದ'. ಕಾಕಾನ ಪುರಾವೆ ಅದೇ. ಆದರೆ ಒಳಗಿದ್ದ ಬರಹ ಮೋಡಿ ಲಿಪಿಯಲ್ಲಿತ್ತು, ಮರಾಠಿ ಭಾಷೆಯಲ್ಲಿ. ಮೋಡಿ ಓದುವವರು ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಯಾರೂ ಇಲ್ಲ.

ಮೋಡಿ ಅಂದ್ರೆ ಲೇಖಣಿಕೆ ಎತ್ತದೆ ಬರೆಯೋ ಬರಹ. ಮೊದಲು ಪುಟದ ಉದ್ದಕ್ಕೂ ಒಂದು ಗೆರೆ ಎಳೆದು, ಅದಕ್ಕೆ ಅಕ್ಷರ ತೂಗುಹಾಕಿಕೊಂಡು ಹೋಗ್ತಾರೆ. ಪದ-ಪದಗಳ ನಡುವೆ ಜಾಗ ಇಲ್ಲ, ಹ್ರಸ್ವ-ದೀರ್ಘದ ಭೇದ ಇಲ್ಲ. ಯೂನಿಕೋಡ್‌ಗೆ 2014ರಲ್ಲೇ ಸೇರಿದೆ, ಆದರೆ ಅದರಿಂದ ಕೈಬರಹ ಓದೋಕೆ ಬರೋದಿಲ್ಲ. ಪುಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಭಾನುವಾರ-ಭಾನುವಾರ ಹೋಗಿ ಕಲಿತೆ. ಐದು ತಿಂಗಳಾದ ಮೇಲೆ ಪದ ಬಿಡಿಸೋದು ಸ್ವಲ್ಪ ಬಂತು.

ಮೊದಲ ತೊಡಕು ಕಾಲದ್ದು. ಕಾಗದದ ಮೂಲೆಯನ್ನ ಹುಳ ತಿಂದಿತ್ತು, ಶಕ ವರ್ಷ ಹೋಗಿತ್ತು. ಉಳಿದಿದ್ದು 'ಸಾಧಾರಣ ನಾಮ ಸಂವತ್ಸರ, ಮಾಘ' ಅಷ್ಟೇ. ಸಂವತ್ಸರ ಅರವತ್ತು ವರ್ಷಕ್ಕೆ ಒಂದು ಸುತ್ತು. ಸಾಧಾರಣ ಅಂದ್ರೆ 1730–31 ಆಗಬಹುದು, 1790–91 ಆಗಬಹುದು, 1850–51 ಕೂಡ ಆಗಬಹುದು. ಮೂರನೆಯದನ್ನ ತಳ್ಳಿಹಾಕೋ ಹಾಗಿರಲಿಲ್ಲ. ಯಾಕಂದ್ರೆ ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಇನಾಮು ಜಮೀನುಗಳ ತನಿಖೆ ನಡೀತಿತ್ತು. 1852ರ ಕಾಯಿದೆಯಿಂದ ಇನಾಂ ಕಮಿಷನ್ನಿಗೆ ಪೂರ್ತಿ ಅಧಿಕಾರ ಬಂತು. ಸನದು ತೋರಿಸಿ, ಇಲ್ಲದಿದ್ದರೆ ಜಮೀನು ಸರಕಾರದ್ದು ಅನ್ನೋ ಕಾಲ. ಹಳೇ ಕಾಗದಗಳ ನಕಲು ಅಂತ ಹೊಸ ಕಾಗದ ಹುಟ್ಟಿದ್ದೂ ಆವಾಗಲೇ.

ಬಿಡಿಸಿದ್ದು ಇನ್ನೊಂದು ಸಾಲು. ಪೇಶವೆ ಕಾಲದ ಕಾಗದಗಳಲ್ಲಿ ಶುಹೂರ ಸನ್ ಅಂತ ಒಂದು ಲೆಕ್ಕ ಬರುತ್ತೆ, ಅಂಕಿಗಳನ್ನ ಅರಬ್ಬಿ ಪದಗಳಲ್ಲಿ ಬರೀತಾರೆ. ನಮ್ಮ ಕಾಗದದಲ್ಲಿ ಇದ್ದದ್ದು 'ಇಹಿದೇ ತಿಸೈನ್ ಮಯಾ ವ ಅಲಫ್'. ಒಂದು, ತೊಂಬತ್ತು, ನೂರು, ಸಾವಿರ. ಬಿಡಿ ಸ್ಥಾನ ಮೊದಲು, ಸಾವಿರ ಕೊನೆಗೆ. (ನಮ್ಮ ಕಸುಬಿನವರು ಇದನ್ನ ಲಿಟಲ್ ಎಂಡಿಯನ್ ಅಂತಾರೆ. ನೋಡಿದ ಕೂಡಲೇ ನಗು ಬಂತು.) ಸೇರಿಸಿದರೆ 1191. ಈ ಸನ್ ಶುರುವಾಗೋದು ಮಿರಗಕ್ಕೆ, ನಮ್ಮ ರೈತರು ಬಿತ್ತನೆಗೆ ಕಾಯ್ತಾರಲ್ಲ ಅದೇ ಮಿರಗ. ಮಿರಗದಿಂದ ಡಿಸೆಂಬರ್ ತನಕ 599 ಕೂಡಿಸಬೇಕು, ಜನವರಿಯಿಂದ ಮುಂದಿನ ಮಿರಗದ ತನಕ 600. ಮಾಘ ಮಾಸ ಅಂದ್ರೆ 1191ಕ್ಕೆ 600 ಕೂಡಿಸಿ, 1791. ನಿಮ್ಮ ಮನೆಯಲ್ಲಿ ಇಂಥ ಕಾಗದ ಇದ್ದರೆ ಸಂವತ್ಸರ ಒಂದನ್ನೇ ನಂಬಬೇಡಿ, ಈ ಅರಬ್ಬಿ ಪದ ಹುಡುಕಿ. ಎರಡೂ ಒಂದೇ ವರ್ಷಕ್ಕೆ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಅಂದ್ರೆ ಕಾಗದ ಮುತ್ತಿಗೆಯ ನಡುವಿನದು! ಕಾಕಾಗೆ ಫೋನ್ ಮಾಡಿದೆ. ಅವರು ಅವತ್ತೇ ಚಿತ್ರ ಬರೆಯೋನಿಗೆ ಮುಂಗಡ ಕೊಟ್ಟರು.

ಆ ಮುತ್ತಿಗೆ ಬಗ್ಗೆ ಸ್ವಲ್ಪ ಹೇಳ್ತೀನಿ. 1778ರಲ್ಲಿ ಧಾರವಾಡ ಹೈದರನ ಕೈಗೆ ಹೋಗಿತ್ತು, ಆಮೇಲೆ ಟಿಪ್ಪುವಿನದು. 1790ರಲ್ಲಿ ಇಂಗ್ಲಿಷರು, ನಿಜಾಮ, ಪೇಶವೆ ಮೂವರೂ ಟಿಪ್ಪುವಿನ ವಿರುದ್ಧ ಒಂದಾದರು. ಸೆಪ್ಟೆಂಬರ್‌ನಲ್ಲಿ ಪರಶುರಾಮ ಭಾವೂ ಧಾರವಾಡದ ಮುಂದೆ ಬಂದು ಕೂತರು, ಜೊತೆಗೆ ಮುಂಬೈ ಸರಕಾರದ ಕ್ಯಾಪ್ಟನ್ ಲಿಟಲ್ ಎಂಬವನ ತುಕಡಿ. ಕೋಟೆಯೊಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಕೋಟೆ ಕೈಗೆ ಬಂದದ್ದು 1791ರ ಏಪ್ರಿಲ್ ಮೊದಲಿಗೆ. ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ 1794ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿ ಬರೆದ. ಅವನು ಹೇಳೋ ಮುತ್ತಿಗೆ ಓದಿದರೆ ಯುದ್ಧದ ಕಲ್ಪನೆಯೇ ಬೇರೆ ಆಗುತ್ತೆ. ತೋಪಿಗೆ ಮದ್ದು ತುಂಬಿ, ಅರ್ಧ ಗಂಟೆ ಹುಕ್ಕಾ ಸೇದುತ್ತಾ ಹರಟೆ, ಆಮೇಲೆ ಒಂದು ಗುಂಡು. ಧೂಳು ಎದ್ದರೆ ಸಮಾಧಾನ, ಮತ್ತೆ ಹರಟೆ. ಮಧ್ಯಾಹ್ನ ಊಟದ ಹೊತ್ತಿಗೆ ಎರಡೂ ಕಡೆಯವರು ಗುಂಡು ಹಾರಿಸೋದು ಅಪರೂಪ. ಮೂರ್‌ಗೆ ಇದು ತಮಾಷೆ. ಆದರೆ ಇನ್ನೊಂದು ಕಡೆಯಿಂದ ನೋಡಿ. ಇಂಥ ನಿಧಾನದ ಮುತ್ತಿಗೆ ಏಳು ತಿಂಗಳು ನಡೆದರೆ ಅಷ್ಟು ಸಾವಿರ ಕುದುರೆ, ಎತ್ತುಗಳಿಗೆ ಮೇವು ಎಲ್ಲಿಂದ ಬರಬೇಕು? ಸುತ್ತಲಿನ ಹಳ್ಳಿಗಳ ಕಣಕಿ ಬಣವೆಯಿಂದ. ಮೂರು ಹರದಾರಿ ದೂರದ ಹಳ್ಳಿಗಳಿಂದ.

ಕಾಗದದ ನಡುಭಾಗದಲ್ಲಿ 'ಘೋಡೀ' ಅನ್ನೋ ಪದ ನನಗೇ ಸಿಕ್ಕಿತ್ತು. ಹೆಣ್ಣು ಕುದುರೆ. ಅದರ ಮುಂದಿನದನ್ನ ನಾನು 'ದಿಲೀ' ಅಂತ ಓದಿಕೊಂಡಿದ್ದೆ, 'ಕೊಟ್ಟರು'. ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. 'ನೇಲೀ' ಅಂದರು. 'ಒಯ್ದರು'. ನಾನು ಒಪ್ಪಲಿಲ್ಲ. ಅವರು ಅದೇ ಕಾಗದದಲ್ಲಿ ಅದೇ ಕೈಯ 'ದ' ಎಲ್ಲೆಲ್ಲಿದೆ, 'ನ' ಎಲ್ಲೆಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು. ನನಗೆ ಬೇಕಾದದ್ದನ್ನ ನಾನು ಓದಿದ್ದೆ, ಅಷ್ಟೇ.

ಮುಂದಿನ ಎರಡು ಭಾನುವಾರ ಪೂರ್ತಿ ಕಾಗದ ಬಿಡಿಸಿದೆವು. ಅದು ಸನದು ಅಲ್ಲ, ಬಹುಮಾನದ ಪತ್ರವೂ ಅಲ್ಲ. ಒಂದು ಅರ್ಜಿಯ ನಕಲು. ಬರೆಸಿದವಳು ಹೆಂಗಸು, ಕುಲಕರ್ಣಿಯ ವಿಧವೆ. ಬರೆದದ್ದು ಭಾವೂ ಅವರ ಛಾವಣಿಯ ಕಾರಕೂನರಿಗೆ. ಸಾರಾಂಶ ಹೀಗೆ: ಗಂಡ ತೀರಿಕೊಂಡಿದ್ದಾರೆ. ಲಷ್ಕರದ ಸವಾರರು ಬಂದು ಮನೆಯ ಕುದುರೆಯನ್ನೂ ಬಣವೆಯ ಕಣಕಿಯನ್ನೂ ಒಯ್ದಿದ್ದಾರೆ. ಕುದುರೆ ತಿರುಗಿ ಕೊಡಿಸಿ, ಇಲ್ಲ ಬೆಲೆ ಕೊಡಿಸಿ. ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಗ ಇಲ್ಲ. ತವರಿನ ಅಣ್ಣನ ಮಗನನ್ನ ದತ್ತಕ ತಗೊಳ್ಳೋಕೆ ಅಪ್ಪಣೆ ಆಗಲಿ. ಅವನು ದೊಡ್ಡವನಾಗೋ ತನಕ ಗುಮಾಸ್ತೆಯ ಕೈಯಿಂದ ವತನದ ಕೆಲಸ ನಾನೇ ಮಾಡಿಸ್ತೀನಿ.

ಕೊನೆಯಲ್ಲಿ ಇನ್ನೊಂದು ಸಾಲು: ಗಂಡ ಹಿಂದಿನ ಸರಕಾರದಲ್ಲಿ ಲೆಕ್ಕ ಚೊಕ್ಕಟ ಇಟ್ಟಿದ್ದರು, ಅದೇ ರೀತಿ ಮುಂದೆಯೂ ನಡೆಯುತ್ತೆ. ಹಿಂದಿನ ಸರಕಾರ ಅಂದ್ರೆ ಟಿಪ್ಪುವಿನದು. ನಮ್ಮ ಅಜ್ಜ ಟಿಪ್ಪುವಿನ ಮೇಲೆ ಕಾದಿದವನಲ್ಲ, ಟಿಪ್ಪುವಿನ ಪಟ್ಟಿ ಬರೆದವನು! ಊರ ಕುಲಕರ್ಣಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಮೇಲಿನ ಸರಕಾರ ಬದಲಾದರೂ ಲೆಕ್ಕದ ಪುಸ್ತಕ ಅದೇ ಮನೆಯಲ್ಲಿ ಇರುತ್ತಿತ್ತು.

ಕಥೆ ಹೇಗೆ ಹುಟ್ಟಿತು ಅನ್ನೋದು ನನ್ನ ಊಹೆ. ಮೋಡಿ ಬಲ್ಲ ಯಾರೋ ಒಬ್ಬರು ಗುರುತಿಗೆ ಅಂತ 'ಕುದರಿ ಕಾಗದ' ಎಂದು ಹಿಂದೆ ಬರೆದಿಟ್ಟರು. ಮುಂದಿನವರಿಗೆ ಒಳಗಿನದು ಓದೋಕೆ ಬರಲಿಲ್ಲ, ಹೊರಗಿನ ಎರಡು ಪದ ಮಾತ್ರ ಬಂತು. ಕುದುರೆ ಇದೆ, ಮುತ್ತಿಗೆ ಇದೆ. ಉಳಿದದ್ದನ್ನ ನಾಲಿಗೆ ತುಂಬಿಕೊಂಡಿತು.

ಆದರೂ ಒಂದೇ ಕಾಗದದ ಮೇಲೆ ಇಷ್ಟು ದೊಡ್ಡ ಮಾತು ಹೇಳೋಕೆ ಆಗಲ್ಲವಲ್ಲ. ಅರ್ಜಿ ಕೊಟ್ಟಳು ಸರಿ, ದತ್ತಕ ಆಯಿತೇ? ನಮ್ಮ ಮನೆಯ ವಂಶಾವಳಿಯಲ್ಲಿ ಆ ಹುಡುಗ ನೇರವಾಗಿ ಅಜ್ಜನ ಮಗ. ರಜೆ ಹಾಕಿ ಪೇಶವೇ ದಫ್ತರಕ್ಕೆ ಹೋದೆ. ರಿಯಾಸತ್‌ಕಾರ ಸರದೇಸಾಯಿಯವರು 1930ರ ದಶಕದಲ್ಲಿ ಆಯ್ದು ಅಚ್ಚು ಹಾಕಿಸಿದ 45 ಸಂಪುಟಗಳಲ್ಲಿ ನಮ್ಮಂಥವರ ಸುದ್ದಿ ಸಿಗೋದು ಕಷ್ಟ, ಅದು ದೊಡ್ಡವರ ಪತ್ರ. ನಮ್ಮಂಥವರು ಇರೋದು ಅಚ್ಚಾಗದ ರುಮಾಲುಗಳಲ್ಲಿ, ಬಟ್ಟೆಯಲ್ಲಿ ಕಟ್ಟಿಟ್ಟ ಜಮಾಖರ್ಚಿನ ಗಂಟುಗಳಲ್ಲಿ. ಅಲ್ಲಿ ಸಾಮಾನ್ಯ ಮನುಷ್ಯನ ಹೆಸರು ಬರೋದು ರೊಕ್ಕದ ವಿಷಯ ಇದ್ದರೆ, ಇಲ್ಲ ಜಗಳ ಇದ್ದರೆ. ಸುಖವಾಗಿದ್ದವನ ಹೆಸರು ಯಾವ ದಫ್ತರದಲ್ಲೂ ಇಲ್ಲ. ಆರು ದಿನಕ್ಕೆ ಒಂದೇ ಸಾಲು ಸಿಕ್ಕಿತು. ನಮ್ಮ ಹಳ್ಳಿಯ ಹೆಸರು, ದತ್ತಕದ ಬಾಬತ್ತು ನಜರು ಜಮಾ. ಅಂದ್ರೆ ಅಪ್ಪಣೆ ಪುಕ್ಕಟೆ ಸಿಗಲಿಲ್ಲ, ಕುದುರೆ ಕಳಕೊಂಡವಳೇ ಸರಕಾರಕ್ಕೆ ಕಾಣಿಕೆ ಕಟ್ಟಿದಳು.

ಮೂರನೇ ಪುರಾವೆ ನಾಶಿಕದ್ದು. ಗೋದಾವರಿ ದಂಡೆಯ ತೀರ್ಥಪುರೋಹಿತರ ಹತ್ತಿರ ವಹಿಗಳಿವೆ. ಯಾತ್ರೆಗೆ ಬಂದವರು ತಮ್ಮ ಊರು, ಗೋತ್ರ, ತಂದೆ-ತಾತಂದಿರ ಹೆಸರು ಬರೆಸಿ ಹೋಗಿರ್ತಾರೆ. ಅಲ್ಲಿ ಹೋಗಿ ನಾನು ಪುಣೆಯವನು, ಹುಬ್ಬಳ್ಳಿಯವನು ಅಂದರೆ ಪ್ರಯೋಜನವಿಲ್ಲ, ಮೂಲ ಹಳ್ಳಿಯ ಹೆಸರು ಹೇಳಬೇಕು. ನಮ್ಮ ಸೀಮೆಯ ವಹಿ ಯಾವ ಮನೆಯಲ್ಲಿದೆ ಅಂತ ತಿಳಿಯೋಕೇ ಅರ್ಧ ದಿನ ಹೋಯ್ತು. ಶಕ 1738ರ, ಅಂದ್ರೆ 1816–17ರ ಒಂದು ಪುಟದಲ್ಲಿ ಆ ಹುಡುಗ ಇದ್ದ. ಆ ಹೊತ್ತಿಗೆ ಮನೆ ತುಂಬಿದ ಗೃಹಸ್ಥ. ದತ್ತಕ ತಂದೆಯ ಹೆಸರು ಬರೆಸಿದ್ದಾನೆ, ಹುಟ್ಟಿಸಿದ ತಂದೆಯ ಹೆಸರು-ಊರು ಬರೆಸಿದ್ದಾನೆ. ಅರ್ಜಿಯಲ್ಲಿದ್ದ ತವರೂರೇ ಅದು. ಅವನು ಬಂದದ್ದು ತಾಯಿಗೆ ಪಿಂಡ ಹಾಕೋಕೆ. ಹಾಗಾಗಿ ಅವಳ ಹೆಸರೂ ಇದೆ. ಅರ್ಜಿಯ ಉದ್ದಕ್ಕೂ ಅವಳು 'ಇಂಥವರ ಹೆಂಡತಿ' ಮಾತ್ರ. ಹೆಸರು ಇರೋದು ಇಲ್ಲೊಂದೇ ಕಡೆ, ಮಗ ಹೇಳಿದ್ದರಿಂದ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ಹುಡುಕೋಕೆ ಹೊರಟ ಅಜ್ಜನ ರಕ್ತ ನನ್ನ ಮೈಯಲ್ಲಿ ಇಲ್ಲ. ಇರೋದು ಅವಳ ತವರಿನದು.

ಕಾಕಾಗೆ ಇದನ್ನ ಫೋನಿನಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ, ಊರಿಗೇ ಹೋದೆ. ಪೂರ್ತಿ ಕೇಳಿ ಸುಮ್ಮನೆ ಕೂತರು. ಆಮೇಲೆ ಸಿಟ್ಟು ಬಂತು. "ಕುದರಿ ಕಳಕೊಂಡದ್ದನ್ನ ಯಾರರೆ ಪುಸ್ತಕದಾಗ ಛಾಪಸ್ತಾರೇನು? ನಾಲ್ಕ ಮಂದಿ ಮುಂದ ನಾವು ಈ ಮನೀಯವರs ಅಲ್ಲ ಅಂತ ಹೇಳ್ಲೇನು?" ನಾನು ಮನೆ ಅವಳು ಉಳಿಸಿದ್ದು ಅಂದೆ. ಅವರು ಎದ್ದು ಹೋದರು. ಮುಂಜಿವೆಗೆ ಹಂಚಿದ ಪುಸ್ತಕದಲ್ಲಿ ಕುದುರೆಯ ಚಿತ್ರ ಹಾಗೇ ಇತ್ತು, ಕಥೆ ಮಾತ್ರ ಇರಲಿಲ್ಲ. ಕಾಕಾಗೆ ಅದಕ್ಕಿಂತ ಹೆಚ್ಚು ಆಗಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಹೋದ ಪಕ್ಷಮಾಸದಲ್ಲಿ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ರಾತ್ರಿ ಅವರ ಫೋನು ಬಂತು. "ಆಕಿ ಹೆಸರು ಏನಂದಿದ್ದಿ? ನಾಶಿಕದ ವಹಿಯಾಗ ಇದ್ದದ್ದು. ಇನ್ನೊಮ್ಮೆ ಹೇಳು, ಬರಕೋತೀನಿ." ಹೇಳಿದೆ. ಒಂದೊಂದೇ ಅಕ್ಷರ ಬರಕೊಂಡರು.

"ಮತ್ತ ಆ ಕುದರಿ ರೊಕ್ಕ? ಕೊಟ್ಟರೇನು ಆಕಿಗೆ?"

"ಇನ್ನೂ ಸಿಕ್ಕಿಲ್ಲ ಕಾಕಾ. ಮುಂದಿನ ವರ್ಷದ ಜಮಾಖರ್ಚು ನೋಡಬೇಕು."

"ನೋಡು" ಅಂದರು. "ಎಷ್ಟು ಕೊಟ್ಟಾರ, ನೋಡು."