ಪಲ್ಪರಿನಿಂದ ಬಂದ ಪಾಠ

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು 2007ರಲ್ಲಿ ಆದೇಶವಾದಾಗ ನಾನು ಹಾನುಬಾಳಿನ ಹತ್ತಿರದ ಒಂದು ಶಾಲೆಯಲ್ಲಿದ್ದೆ. ಅದುವರೆಗೆ ಎ ಬಿ ಸಿ ಡಿಯ ಮುಖ ಕಾಣುತ್ತಿದ್ದುದು ಐದನೇ ತರಗತಿಯಲ್ಲಿ. 1982ರ ಗೋಕಾಕ್ ಚಳವಳಿಯಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗಿದ್ದವಳಿಗೆ ಈ ಆದೇಶ ರುಚಿಸಲಿಲ್ಲ. ಲೈನ್ ಮನೆಯ ತಾಯಿಯೊಬ್ಬಳ ಹತ್ತಿರ ಹಾಗೆಂದೂ ಬಿಟ್ಟೆ. "ಸಾವ್ಕಾರ್ರ ಮಕ್ಳು ಕಲೀಬೋದು, ನಮ್ಮ ಮಕ್ಳಿಗೆ ಬ್ಯಾಡ್ವಾ ಟೀಚರೇ?" ಎಂದಳು. ಬಾಯಿ ಮುಚ್ಚಿಕೊಂಡು ಬಂದೆ.

ತರಗತಿಯಲ್ಲಿ "ವಾಟ್ ಈಸ್ ಯುವರ್ ನೇಮ್?" ಎಂದರೆ ಮಕ್ಕಳೂ ಒಕ್ಕೊರಲಿನಿಂದ "ವಾಟ್ ಈಸ್ ಯುವರ್ ನೇಮ್?" ಎನ್ನುತ್ತಿದ್ದವು. ತಿಂಗಳುಗಟ್ಟಲೆ ಇದೇ ನಡೆಯಿತು. ಡಿಸೆಂಬರಿನಲ್ಲಿ, ಹಣ್ಣು ಕುಯ್ಯುವ ಕಾಲ, ತಡವಾಗಿ ಬಂದ ಹುಡುಗಿಯೊಬ್ಬಳನ್ನು ಗದರಿದೆ. "ಅವ್ವ ಪಲ್ಪರ್ ಹತ್ರ ಹೋಗೈತೆ ಟೀಚರೇ, ರೈಟರು ಕರೆದವ್ರೆ. ಲೈನಲ್ಲಿ ಪಾಪ ಒಂದೇ ಇತ್ತು."

ಒಂದೇ ಉಸಿರಿಗೆ ಮೂರು ಇಂಗ್ಲಿಷ್ ಮಾತು! ಸಕಲೇಶಪುರ ಸೀಮೆಗೆ ಆಗ ಮಂಜರಾಬಾದೆಂದು ಹೆಸರು. ಫ್ರೆಡರಿಕ್ ಗ್ರೀನ್ ಎಂಬ ದೊರೆ ಇಲ್ಲಿ ಕಾಫಿ ತೋಟ ಹಾಕಿದ್ದು 1843ರಲ್ಲಿ. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ಬದುಕನ್ನು ಕುರಿತು 1894ರಲ್ಲಿ ಪುಸ್ತಕವನ್ನೇ ಬರೆದ. ದೊರೆಗಳು ಹೋದರು, ಮಾತುಗಳು ಉಳಿದವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರ ಬಾಯಲ್ಲೂ ಎಸ್ಟೇಟು, ನರ್ಸರಿ, ಪಲ್ಪರು. ಇಷ್ಟು ಹತ್ತಿರವಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾರನೆಯ ದಿನದಿಂದ ಪುಸ್ತಕ ಪಕ್ಕಕ್ಕಿಟ್ಟೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮಕ್ಕಳು ಹೇಳಿದ ಮಾತುಗಳನ್ನು ದೊಡ್ಡದಾಗಿ ಬರೆದೆ. ಬೆಂಕಿಪೊಟ್ಟಣಗಳಿಗೆ ಒಂದೊಂದು ಅಕ್ಷರ ಅಂಟಿಸಿದೆವು. ಜೋಡಿಸಿದರೆ ಬಸ್, ಕೆಡವಿದರೆ ಸಬ್. ಕಾಫಿ ಬೀಜ ಹರಡಿ ಒನ್ ಬೀನ್, ಟೂ ಬೀನ್ಸ್ ಎಂದು ಏಕವಚನ ಬಹುವಚನ ಹೇಳಿಕೊಟ್ಟೆ. ಒಬ್ಬ ತುಂಟ ಅದನ್ನು ಮನೆಗೂ ಒಯ್ದು ಒನ್ ಅಜ್ಜಿ, ಟೂ ಅಜ್ಜೀಸ್ ಎಂದನಂತೆ. ವ್ಯಾಕರಣ ಸರಿಯಾಗಿಯೇ ಇದೆ, ಏನು ಹೇಳಲಿ?

ಸುಲಭವಾಯಿತೆಂದಲ್ಲ. ಗೊತ್ತಿರುವ ಪದಗಳ ಬೇಲಿ ದಾಟಿ ವಾಕ್ಯಕ್ಕೆ ಬಂದರೆ ಮಕ್ಕಳಷ್ಟೇ ನಾನೂ ತಡವರಿಸುತ್ತಿದ್ದೆ. ನಾನೂ ಐದನೇ ತರಗತಿಯಲ್ಲಿ ಶುರುಮಾಡಿದವಳು. ಆದೇಶದ ಬೆನ್ನಿಗೆ ಸಿಕ್ಕಿದ್ದು ಕೆಲವೇ ದಿನಗಳ ತರಬೇತಿ. ರಾತ್ರಿ ಮಗಳ ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಉಚ್ಚಾರ ಕಲಿತು ಹೋಗುತ್ತಿದ್ದೆ.

ಆ ವರ್ಷದ ಕೊನೆಗೆ ಅದೇ ಹುಡುಗಿ ಚೀಲದ ಮೇಲಿನ ಅಚ್ಚನ್ನು ಬೆರಳಿಟ್ಟು ಓದಿದಳು: ಸಿ, ಓ, ಎಫ್, ಎಫ್, ಇ, ಇ. ಓದಿ ನನ್ನ ಮುಖ ನೋಡಿದಳು.

"ಕನ್ನಡದಲ್ಲಿ ಎರಡೇ ಅಕ್ಷರ ಸಾಕಲ್ಲ ಟೀಚರೇ, ಇವರಿಗ್ಯಾಕೆ ಆರು ಬೇಕು?"