ಸ್ಟಾರ್ಟರ್ ಡಬ್ಬದೊಳಗಿನ ಹಸಿರು ಬೋರ್ಡು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ತೋಟ ಇರೋ ಎಷ್ಟೋ ಮನೆಗಳಲ್ಲಿ ಈಗ ಬೋರ್‌ವೆಲ್ ಮೋಟ್ರಿಗೂ ಒಂದು ಸಿಮ್ ಇದೆ. ಮನೆಯಿಂದಲೇ ಫೋನ್ ಮಾಡಿದ್ರೆ ಮೋಟ್ರು ಶುರು. ಆ ಸಿಮ್ ಕೂತಿರೋ ಹಸಿರು ಬೋರ್ಡನ್ನ ಡಬ್ಬದೊಳಗೆ ಹೇಗೆ ಕೂರಿಸಿದ್ದಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ?

ಸ್ವಲ್ಪ ಹಿಂದೆ ಹೋಗೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. ಆ ಕಾಲದಲ್ಲಿ ಜಗತ್ತಿನ ಬಹಳ ಕಡೆ ಸ್ವಿಚ್‌ಬೋರ್ಡ್ ಅಂದ್ರೆ ಅಮೃತಶಿಲೆ ಇಲ್ಲವೇ ಸ್ಲೇಟು ಕಲ್ಲಿನ ಹಲಗೆ. ಹೌದು, ನಮ್ಮ ಅಜ್ಜಂದಿರು ಅಕ್ಷರ ತಿದ್ದಿದ ಅದೇ ಸ್ಲೇಟು! ತಾಮ್ರದ ಪಟ್ಟಿಗಳೆಲ್ಲ ಮುಂದುಗಡೆ, ಬರಿಮೈಯಲ್ಲಿ. ಕಲ್ಲು ಕರೆಂಟನ್ನ ತಡೀತಿತ್ತು. ಆದ್ರೆ ಕೈ ತಾಕಿದವನ ಗತಿ? ಹಾಗಾಗಿ ಕಾಲಕ್ರಮೇಣ ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿದರು.

ಮನುಷ್ಯ ಬಚಾವಾದ. ಆದರೆ ಕಲ್ಲಿನ ಜಾಗಕ್ಕೆ ಕಬ್ಬಿಣ ಬಂತಲ್ಲ, ಅದು ಕರೆಂಟನ್ನ ತಡೆಯಲ್ಲ. ಬೋರ್ಡಿನ ಅಡಿಯಲ್ಲಿರೋ ಬೆಸುಗೆಯ ಚುಕ್ಕಿಗಳೋ, ಎಲ್ಲಾ ಬರಿಮೈ.

ನಮ್ಮ ಚಿಕ್ಕಪ್ಪನ ತೋಟದಲ್ಲಿ ಆ ಬೋರ್ಡನ್ನ ಬಾಗಿಲ ಒಳಮೈಗೆ ಅಂಟುಪಟ್ಟಿಯಲ್ಲಿ ಅಂಟಿಸಿದ್ರು. ಏಪ್ರಿಲ್ ಬಿಸಿಲಿಗೆ ಅಂಟು ಕರಗ್ತು. ಬೋರ್ಡು ಜಾರಿ, ಒಂದು ತುದಿ ಕಾಂಟ್ಯಾಕ್ಟರಿನ ಫೇಸಿಗೆ, ಇನ್ನೊಂದು ತುದಿ ಡಬ್ಬಕ್ಕೆ. ಅರ್ತಿಂಗ್ ಸರಿಯಾಗಿದ್ರೆ ಫ್ಯೂಸು ಹೋಗಬೇಕಿತ್ತು. ಅರ್ತ್ ವೈರು ಕಿತ್ತು ಹೋಗಿ ಎಷ್ಟು ದಿನ ಆಗಿತ್ತೋ. ಡಬ್ಬ ಮುಟ್ಟಿದ ಚಿಕ್ಕಪ್ಪ ಹಿಂದಕ್ಕೆ ಬಿದ್ರು. ಬದುಕಿದ್ರು, ಅಷ್ಟೇ.

ಆಮೇಲೆ ಬಂದ ಎಲೆಕ್ಟ್ರಿಷಿಯನ್ ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿದ್ರು. ಬೋರ್ಡಿನ ನಾಲ್ಕು ಮೂಲೆಗೂ ನೈಲಾನ್ ಕಂಬ ಕೊಟ್ಟು, ಹಿಂದಿನ ತಗಡಿಂದ ಎತ್ತಿ ಕೂರಿಸಿದ್ರು. ಕಲ್ಲು ಕೊಡ್ತಿದ್ದ ತಡೆಯನ್ನ ಈಗ ಈ ಪುಟ್ಟ ಕಂಬಗಳು ಕೊಡಬೇಕು. ಪ್ಲಾಸ್ಟಿಕ್ ಕವಚದೊಳಗೆ ಬರೋ ಬೋರ್ಡಾದ್ರೆ ಇನ್ನೂ ಸುಲಭ, 35 ಮಿಲಿಮೀಟರ್ ಅಗಲದ ಡಿನ್ ರೈಲು ಪಟ್ಟಿಗೆ ಸಿಕ್ಕಿಸಿದ್ರಾಯ್ತು. ಕಾಂಟ್ಯಾಕ್ಟರಿಗೆ ತೀರಾ ಹತ್ತಿರ ಬೇಡ. ಅದರ ಕಿಡಿ, ಬಿಸಿ, ಅದುರು ಮೂರೂ ಬೋರ್ಡಿಗೆ ಆಗಿಬರಲ್ಲ. ವೈರು ಬರೋ ತೂತಿಗೆ ರಬ್ಬರ್ ಹಾಕಿ ಮುಚ್ಚಿದ್ರು, ಹಲ್ಲಿ ನುಗ್ಗದ ಹಾಗೆ. ಬಾಗಿಲಿಗೂ ಬೇರೆ ಅರ್ತ್ ವೈರು.

ಚಿಕ್ಕಪ್ಪ ಈಗಲೂ ಫೋನಲ್ಲೇ ಮೋಟ್ರು ಹಾಕ್ತಾರೆ. ಡಬ್ಬದ ಹತ್ತಿರ ಹೋಗೋವಾಗ ಮಾತ್ರ ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಟೆಸ್ಟರ್.