ಬೆಳ್ಳಿಯ ಬಟ್ಟಲು ಮತ್ತು ಬೀಗರ ಜಗಳ

ನಮ್ಮ ಹಳೆಯ ಮದುವೆಗಳನ್ನು ಕಂಡವರಿಗೆ ಬೀಗರ ಹಾಡಿನ ನೆನಪು ಇದ್ದೇ ಇರುತ್ತದೆ. ಗಂಡಿನ ಕಡೆಯವರು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವಾಗ ಹೆಣ್ಣಿನ ಕಡೆಯ ಹೆಂಗಸರು ಅವರ ಮೀಸೆ, ಹೊಟ್ಟೆ, ಜಿಪುಣತನ ಒಂದನ್ನೂ ಬಿಡದೆ ಹಾಡಿ ಛೇಡಿಸುತ್ತಿದ್ದರು. ಆ ಕಡೆಯವರೂ ಸುಮ್ಮನೆ ಕೂರುತ್ತಿರಲಿಲ್ಲ. ಕೋಪ ಯಾರಿಗೂ ಬರುತ್ತಿರಲಿಲ್ಲ, ಬಂದರೂ ತೋರಿಸಿಕೊಳ್ಳುವಂತಿರಲಿಲ್ಲ. ಇಂದು ಉಂಡವರು ನಾಳೆ ತಮ್ಮ ಮನೆಯಲ್ಲಿ ಬಡಿಸಬೇಕಾದವರಲ್ಲವೆ?

ಬ್ರಿಟಿಷ್ ದ್ವೀಪಗಳ ನಾಲ್ಕು ನಾಡುಗಳಾದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಐರ್ಲೆಂಡುಗಳ ರಗ್ಬಿ ಅಭಿಮಾನಿಗಳ ನಡುವೆ ನೂರೈವತ್ತು ವರ್ಷಗಳಿಂದ ನಡೆದು ಬಂದಿರುವ ಸ್ಪರ್ಧೆಯೂ ಇಂತಹದೇ. ರಗ್ಬಿ ಮೃದುವಾದ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವವನನ್ನು ಎದುರಾಳಿಗಳು ಕೆಡವಿ ಹಾಕುತ್ತಾರೆ. ಬೆವರೂ ಕೆಸರೂ ಕೆಲವೊಮ್ಮೆ ರಕ್ತವೂ ಒಂದಾಗುತ್ತವೆ. ಆದರೂ ಅದನ್ನು ನೋಡಲು ಬಂದವರು ಪಕ್ಷವೊಂದಕ್ಕೆ ಬೇರೆ ಬೇರೆ ಬೇಲಿಯ ಹಿಂದೆ ಕೂರುವುದಿಲ್ಲ. ಇಂಗ್ಲೆಂಡಿನವನ ಪಕ್ಕದಲ್ಲಿ ಸ್ಕಾಟ್ಲೆಂಡಿನವನು, ಅವನ ಮಗ್ಗುಲಲ್ಲಿ ಮತ್ತೊಬ್ಬ ಇಂಗ್ಲೆಂಡಿನವನು, ಹೀಗೆ ಕಲೆತು ಕುಳಿತು ಒಬ್ಬರನ್ನೊಬ್ಬರು ಹಾಸ್ಯ ಮಾಡುತ್ತಾರೆ. ಇವರ ನಾಡುಗಳ ಚರಿತ್ರೆಯಲ್ಲಿ ದ್ವೇಷಕ್ಕೆ ಕಾರಣಗಳು ಕಡಿಮೆಯೇನೂ ಇಲ್ಲ. ಹಾಗಿದ್ದೂ ಈ ಸ್ನೇಹ ಉಳಿದದ್ದು ಹೇಗೆ?

ಕಥೆ ಆರಂಭವಾಗುವುದೇ ಒಂದು ತಕರಾರಿನಿಂದ. 1870ರಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹೆಸರಿನಲ್ಲಿ ಕಾಲ್ಚೆಂಡಿನ ಪಂದ್ಯಗಳು ನಡೆದವು. ಸ್ಕಾಟ್ಲೆಂಡಿನ ಹೆಸರು ಹೊತ್ತು ಆಡಿದವರು ಬಹುಮಟ್ಟಿಗೆ ಲಂಡನ್ನಿನಲ್ಲಿ ನೆಲಸಿದ್ದವರು. ಇದು ನಮ್ಮ ತಂಡವಲ್ಲ, ನಮ್ಮ ಆಟವೂ ಅಲ್ಲ ಎಂದು ಸ್ಕಾಟ್ಲೆಂಡಿನ ರಗ್ಬಿ ಆಟಗಾರರು ಪತ್ರಿಕೆಗಳಲ್ಲಿ ಪಂಥಾಹ್ವಾನವನ್ನು ಪ್ರಕಟಿಸಿದರು. ಇಂಗ್ಲೆಂಡ್ ಒಪ್ಪಿತು. 1871ರ ಮಾರ್ಚ್ 27ರಂದು ಎಡಿನ್‌ಬರೋ ನಗರದ ರೇಬರ್ನ್ ಪ್ಲೇಸ್ ಮೈದಾನದಲ್ಲಿ, ಸುಮಾರು ನಾಲ್ಕು ಸಾವಿರ ಜನರ ಮುಂದೆ, ಕಡೆಗೆ ಇಪ್ಪತ್ತು ಮಂದಿಯಂತೆ ಆಡಿದರು. ಗೆದ್ದದ್ದು ಸ್ಕಾಟ್ಲೆಂಡ್. ರಗ್ಬಿಯ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದೇ.

ಆ ದಿನ ಸ್ಕಾಟ್ಲೆಂಡಿಗೆ ದೊರೆತ ಒಂದು ಅಂಕದ ನ್ಯಾಯ ಅನ್ಯಾಯ ಇನ್ನೂ ಇತ್ಯರ್ಥವಾಗಿಲ್ಲ. ಅಂಪೈರ್ ಆಗಿದ್ದವರು ಆಲ್ಮಂಡ್ ಎಂಬ ಶಾಲಾ ಮುಖ್ಯೋಪಾಧ್ಯಾಯರು. ತಮ್ಮ ತೀರ್ಪು ಸರಿಯೋ ತಪ್ಪೋ ತಮಗೇ ಗೊತ್ತಿಲ್ಲವೆಂದು ಅವರು ಮುಂದೆ ಒಪ್ಪಿಕೊಂಡರು. ಸಂದೇಹ ಬಂದಾಗ ಹೆಚ್ಚು ಗದ್ದಲ ಮಾಡುವ ಪಕ್ಷದ ವಿರುದ್ಧ ತೀರ್ಪು ಕೊಡುವುದೇ ಲೇಸು, ತಪ್ಪು ಬಹುಶಃ ಅವರದೇ ಆಗಿರುತ್ತದೆ ಎಂಬುದು ಅವರ ಅಭಿಪ್ರಾಯ. ಮಕ್ಕಳನ್ನು ಪಳಗಿಸಿ ಪಳಗಿದ ಉಪಾಧ್ಯಾಯರ ಮಾತು!

ಇನ್ನು ನಮ್ಮ ದೇಶಕ್ಕೆ ಬರೋಣ. 1872ರ ಕ್ರಿಸ್ಮಸ್ ದಿನ ಕಲ್ಕತ್ತೆಯಲ್ಲಿದ್ದ ಇಂಗ್ಲಿಷರು ಇಪ್ಪತ್ತು ಜನ ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನವರು ಸೇರಿ ಇಪ್ಪತ್ತು ಜನ ಇನ್ನೊಂದು ಕಡೆ ನಿಂತು ರಗ್ಬಿ ಆಡಿದರು. ಅದರ ಉತ್ಸಾಹದಲ್ಲಿ 1873ರ ಜನವರಿಯಲ್ಲಿ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಬಂಗಾಳದ ಹವೆ ಈ ಆಟಕ್ಕೆ ಒಗ್ಗಲಿಲ್ಲ. ಉಚಿತವಾಗಿ ಸಿಗುತ್ತಿದ್ದ ಪಾನೀಯ ನಿಂತಿತು, ಸದಸ್ಯರ ಸಂಖ್ಯೆಯೂ ಇಳಿಯಿತು. ಆಟಗಾರರನ್ನು ಒದಗಿಸುತ್ತಿದ್ದ ಸೈನ್ಯದ ದಳ ಬೇರೆಡೆಗೆ ಹೋಯಿತು. ಉಳಿದವರನ್ನು ಟೆನ್ನಿಸ್ ಮತ್ತು ಪೋಲೋ ಸೆಳೆದುಕೊಂಡವು.

1878ರಲ್ಲಿ ಕ್ಲಬ್ಬನ್ನು ಮುಚ್ಚಬೇಕಾಯಿತು. ಬ್ಯಾಂಕಿನಲ್ಲಿ ಸ್ವಲ್ಪ ಹಣ ಉಳಿದಿತ್ತು. ಅದನ್ನು ಹಂಚಿಕೊಳ್ಳುವುದೆ, ಔತಣ ಮಾಡಿ ಮುಗಿಸುವುದೆ? ಕ್ಲಬ್ಬಿನ ನಾಯಕರೂ ಕಾರ್ಯದರ್ಶಿಯೂ ಖಜಾಂಚಿಯೂ ಆಗಿದ್ದ ರಾಥ್ನಿ ಎಂಬವರು ಬೇರೊಂದು ಸಲಹೆ ಕೊಟ್ಟರು. ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ತೆಗೆದು, ಕರಗಿಸಿ, ಭಾರತೀಯ ಕುಶಲಕರ್ಮಿಗಳಿಂದ ಒಂದು ಬಟ್ಟಲನ್ನು ಮಾಡಿಸಿ, ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕಳುಹಿಸಿಕೊಡೋಣ ಎಂದರು. ಹಾಗೆಯೇ ಆಯಿತು. ಕರಗಿದ ರೂಪಾಯಿಗಳು 270 ಎಂದು ಹೇಳುತ್ತಾರೆ. ಬಟ್ಟಲಿಗೆ ಹೆಡೆ ಎತ್ತಿದ ಮೂರು ನಾಗರಗಳೇ ಹಿಡಿಕೆಗಳು. ಮುಚ್ಚಳದ ಮೇಲೆ ಒಂದು ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಸೆಣಸುವುದು ಈ ಕಲ್ಕತ್ತಾ ಕಪ್ಪಿಗಾಗಿಯೇ. 1879ರಲ್ಲಿ ಇದಕ್ಕಾಗಿ ನಡೆದ ಮೊದಲ ಪಂದ್ಯದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ, ಸಮವಾಯಿತು.

ಬಟ್ಟಲಿಗಿಂತ ಹೆಚ್ಚಿನ ಬೆಲೆಯುಳ್ಳದ್ದು ಅದರ ಜೊತೆಗೆ ಬೆಳೆದ ಪದ್ಧತಿ. ಒಂದು ವರ್ಷ ಪಂದ್ಯ ಸ್ಕಾಟ್ಲೆಂಡಿನಲ್ಲಿ, ಮರು ವರ್ಷ ಇಂಗ್ಲೆಂಡಿನಲ್ಲಿ. ವೇಲ್ಸ್, ಐರ್ಲೆಂಡುಗಳೊಡನೆಯೂ ಹೀಗೆಯೇ. 1883ರ ಋತುವಿನ ಹೊತ್ತಿಗೆ ನಾಲ್ಕೂ ನಾಡುಗಳ ಪಂದ್ಯಾವಳಿ ರೂಪುಗೊಂಡಿತು; 1910ರಲ್ಲಿ ಫ್ರಾನ್ಸ್, 2000ದಲ್ಲಿ ಇಟಲಿ ಸೇರಿದವು. ಎರಡು ವರ್ಷಕ್ಕೊಮ್ಮೆ ಎದುರಾಳಿಯ ಊರಿಗೆ ಹೋಗುವುದು ಅಭಿಮಾನಿಗಳಿಗೆ ಒಂದು ಯಾತ್ರೆಯೇ ಆಯಿತು. ವೇಲ್ಸಿನ ಗಣಿಯ ಕೂಲಿಗಾರ, ಸ್ಕಾಟ್ಲೆಂಡಿನ ಗಡಿ ಸೀಮೆಯ ರೈತ, ಡಬ್ಲಿನ್ನಿನ ವಕೀಲ, ಲಂಡನ್ನಿನ ಗುಮಾಸ್ತ ಎಲ್ಲರೂ ಇದಕ್ಕಾಗಿ ಹಣ ಕೂಡಿಡುವವರೇ. ಈ ವರ್ಷ ಅತಿಥಿಯಾದವನು ಮುಂದಿನ ವರ್ಷ ಆತಿಥೇಯ. ಬೀಗರ ಮನೆಯ ಲೆಕ್ಕ ಇಲ್ಲಿಯೂ ನಡೆಯುತ್ತದೆ.

ಈ ಬರಹೋಗು ನಿಂತರೆ ಏನಾಗುತ್ತದೆ ಎಂಬುದನ್ನೂ ಅವರು ಬೇಗ ಕಂಡರು. 1884ರಲ್ಲಿ ಇಂಗ್ಲೆಂಡ್ ಗಳಿಸಿದ ಒಂದು ಅಂಕದ ಮೇಲೆ ವಾದ ಎದ್ದಿತು. ಅದಕ್ಕೆ ಮುನ್ನ ಚೆಂಡನ್ನು ತಪ್ಪಾಗಿ ಹಿಂದಕ್ಕೆ ಹೊಡೆದವನು ಸ್ಕಾಟ್ಲೆಂಡಿನವನೇ. ತಪ್ಪು ನಡೆದ ಮೇಲೆ ಆಟ ನಿಲ್ಲಬೇಕಾಗಿತ್ತು ಎಂದರು ಸ್ಕಾಟ್ಲೆಂಡಿನವರು. ತಪ್ಪು ಮಾಡಿದವರಿಗೇ ಅದರ ಲಾಭವೆ ಎಂದರು ಇಂಗ್ಲೆಂಡಿನವರು. ಪತ್ರ ವ್ಯವಹಾರ ಬೆಳೆಯಿತು, ಮನಸ್ಸು ಕೆಟ್ಟಿತು, 1885ರಲ್ಲಿ ಪಂದ್ಯವೇ ನಡೆಯಲಿಲ್ಲ. ಎಲ್ಲರಿಗೂ ಒಂದೇ ನಿಯಮವಿರಲೆಂದು 1886ರಲ್ಲಿ ಉಳಿದ ಮೂರು ನಾಡುಗಳು ಅಂತರರಾಷ್ಟ್ರೀಯ ಮಂಡಳಿಯನ್ನು ಕಟ್ಟಿದವು. ಇಂಗ್ಲೆಂಡ್ ಅದನ್ನು ಸೇರಿದ್ದು 1890ರಲ್ಲಿ. ಇಂದು ಜಗತ್ತಿನ ರಗ್ಬಿಯನ್ನು ಆಳುವ ಸಂಸ್ಥೆಯ ಮೂಲ ಈ ಜಗಳವೇ.

ಅಭಿಮಾನಿಗಳಿಗೆ ತಮ್ಮದೇ ಆದ ಆಯುಧವೊಂದು ಸಿಕ್ಕಿದ್ದು ವೇಲ್ಸಿನಲ್ಲಿ. 1905ರ ಡಿಸೆಂಬರ್ 16ರಂದು ನ್ಯೂಜಿಲೆಂಡ್ ತಂಡ ಕಾರ್ಡಿಫ್ ನಗರಕ್ಕೆ ಬಂದಿತು. ಅದುವರೆಗೆ ಆ ಪ್ರವಾಸದಲ್ಲಿ ಅವರನ್ನು ಸೋಲಿಸಿದವರೇ ಇರಲಿಲ್ಲ. ಆಟಕ್ಕೆ ಮುಂಚೆ ಅವರು ಮಾವೋರಿ ಜನರ ಹಾಕಾ ನೃತ್ಯವನ್ನು ಕುಣಿದರು. ಅದಕ್ಕೆ ಉತ್ತರವಾಗಿ ವೇಲ್ಸಿನ ಆಟಗಾರರು ತಮ್ಮ ನಾಡಗೀತೆಯನ್ನು ಎತ್ತಿಕೊಂಡರು. ನೆರೆದಿದ್ದ ಸಾವಿರಾರು ಜನ ದನಿಗೂಡಿಸಿದರು. ಪಂದ್ಯಕ್ಕೆ ಮುನ್ನ ನಾಡಗೀತೆ ಹಾಡುವ ವಾಡಿಕೆಗೆ ಅಂದಿನದೇ ಆರಂಭವೆಂದು ಹೇಳುವುದುಂಟು. ವೇಲ್ಸ್ ಮೂರು ಅಂಕಗಳಿಂದ ಗೆದ್ದಿತು. ಗೆರೆಯಾಚೆ ಚೆಂಡನ್ನು ಊರಿದ್ದೆನೆಂದು ನ್ಯೂಜಿಲೆಂಡಿನ ಡೀನ್ಸ್ ಹೇಳಿದ; ಊರಿದ್ದು ಗೆರೆಯ ಈಚೆಗೆ ಎಂದರು ವೇಲ್ಸಿನವರು. ಭೂಗೋಳದ ಎರಡು ತುದಿಗಳಲ್ಲಿರುವ ಈ ಅಭಿಮಾನಿಗಳು ಭೇಟಿಯಾದಾಗ ಮಾತಿಗೆ ವಿಷಯ ಹುಡುಕುವ ಕಷ್ಟವಿಲ್ಲ. ಈ ವ್ಯಾಜ್ಯ ಇದ್ದೇ ಇದೆ.

ಆಕಾಶವಾಣಿಯ ಕೇಳುಗರು ಇಲ್ಲಿ ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಆಟದ ಮೈದಾನದಿಂದ ನೇರವಾಗಿ ಪ್ರಸಾರವಾದ ಮೊದಲ ವೀಕ್ಷಕ ವಿವರಣೆ ರಗ್ಬಿಯದೇ. 1927ರ ಜನವರಿ 15ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಿಂದ ಇಂಗ್ಲೆಂಡ್–ವೇಲ್ಸ್ ಪಂದ್ಯವನ್ನು ಕ್ಯಾಪ್ಟನ್ ವೇಕ್‌ಲಮ್ ವಿವರಿಸಿದರು. ಕೇಳುಗರ ಅನುಕೂಲಕ್ಕಾಗಿ, ಈ ಪತ್ರಿಕೆಯಂತಹದೇ ಆದ 'ರೇಡಿಯೋ ಟೈಮ್ಸ್' ಮೈದಾನವನ್ನು ಚೌಕಗಳಾಗಿ ವಿಂಗಡಿಸಿದ ನಕ್ಷೆಯನ್ನು ಅಚ್ಚು ಮಾಡಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಇನ್ನೊಬ್ಬರು ನಡುನಡುವೆ ಸಂಖ್ಯೆ ಹೇಳುತ್ತಿದ್ದರು. ವಿವರಣೆ ಸ್ಪಷ್ಟವಾಗಿರಲೆಂದು ಕುರುಡರೊಬ್ಬರನ್ನು ಎದುರಿಗೆ ಕೂರಿಸಿ, ಅವರಿಗೆ ಹೇಳುವಂತೆಯೇ ಹೇಳಿರೆಂದು ವೇಕ್‌ಲಮ್ಮರಿಗೆ ಸೂಚಿಸಿದ್ದರು. ಅಂದಿನಿಂದ ಯಾತ್ರೆಗೆ ಹಣವಿಲ್ಲದವನೂ ಮನೆಯ ಬೆಂಕಿಗೂಡಿನ ಮುಂದೆ ಕುಳಿತು ಎದುರಾಳಿಯನ್ನು ಛೇಡಿಸುವಂತಾಯಿತು.

ಬೀಗರ ಹಾಸ್ಯ ನಗೆಯಲ್ಲಿ ಮುಗಿಯುವಾಗ ಸ್ನೇಹದ ಬೆಲೆ ತಿಳಿಯುವುದಿಲ್ಲ. ಅದು ತಿಳಿದದ್ದು ಐರ್ಲೆಂಡಿನಲ್ಲಿ. ಆ ದ್ವೀಪ ರಾಜಕೀಯವಾಗಿ ಎರಡಾಗಿದೆ. ಆದರೆ ರಗ್ಬಿಯಲ್ಲಿ ಉತ್ತರವೂ ದಕ್ಷಿಣವೂ ಸೇರಿ ಆಡುವುದು ಒಂದೇ ತಂಡ. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಜನರ ಮೇಲೆ ಗುಂಡು ಹಾರಿಸಿದರು. ಕೆಲವು ದಿನಗಳಲ್ಲೇ ಡಬ್ಲಿನ್ನಿನ ಬ್ರಿಟಿಷ್ ರಾಯಭಾರಿ ಕಚೇರಿಗೆ ಜನ ಬೆಂಕಿಯಿಟ್ಟರು. ಆ ವರ್ಷ ಸ್ಕಾಟ್ಲೆಂಡ್ ಮತ್ತು ವೇಲ್ಸ್ ತಂಡಗಳು ಡಬ್ಲಿನ್ನಿಗೆ ಹೋಗಲು ಒಪ್ಪಲಿಲ್ಲ. ಅವರ ಭಯ ಅಕಾರಣವೆಂದು ಯಾರೂ ಹೇಳಲಾರರು. ಆದರೆ ಬರಬೇಕಾದ ನೆಂಟರು ಬರದೆ ಹೋದ ಮನೆಯಂತೆ ಆ ಮೈದಾನ ಬರಿದಾಯಿತು.

1973ರ ಫೆಬ್ರುವರಿಯಲ್ಲಿ ಬರಬೇಕಾದವರು ಇಂಗ್ಲೆಂಡಿನವರು. ಕೋಪಕ್ಕೆ ಎಲ್ಲರಿಗಿಂತ ಹೆಚ್ಚು ಗುರಿಯಾಗಬಹುದಾಗಿದ್ದವರು ಅವರೇ. ಅವರು ಬಂದರು. ಲ್ಯಾನ್ಸ್‌ಡೌನ್ ರೋಡ್ ಮೈದಾನಕ್ಕೆ ಆ ಬಿಳಿಯ ಅಂಗಿಗಳು ಇಳಿದೊಡನೆ ಐರ್ಲೆಂಡಿನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಸುಮಾರು ಐದು ನಿಮಿಷ ನಿಲ್ಲಲೇ ಇಲ್ಲ ಎನ್ನುತ್ತಾರೆ. ಆಮೇಲೆ ಐರ್ಲೆಂಡ್ 18–9 ಅಂಕಗಳಿಂದ ಅತಿಥಿಗಳನ್ನು ಸೋಲಿಸಿತು! ರಾತ್ರಿಯ ಔತಣದಲ್ಲಿ ಇಂಗ್ಲೆಂಡಿನ ನಾಯಕ, ವೃತ್ತಿಯಿಂದ ರೈತನಾಗಿದ್ದ ಜಾನ್ ಪುಲಿನ್ ಎದ್ದು, ನಮ್ಮ ಆಟ ಅಷ್ಟೇನೂ ಚೆನ್ನಾಗಿಲ್ಲದಿರಬಹುದು, ಆದರೆ ನಾವು ಬರುವುದನ್ನಂತೂ ತಪ್ಪಿಸುವುದಿಲ್ಲ ಎಂಬರ್ಥದ ಒಂದು ಮಾತು ಹೇಳಿ ಕುಳಿತ. ಔತಣದ ಮನೆಯೆಲ್ಲ ಹರ್ಷದಿಂದ ಮೊಳಗಿತು.

ಇದಕ್ಕೂ ಕಠಿನವಾದ ದಿನ 2007ರ ಫೆಬ್ರುವರಿ 24. ಲ್ಯಾನ್ಸ್‌ಡೌನ್ ರೋಡ್ ಮೈದಾನವನ್ನು ಹೊಸದಾಗಿ ಕಟ್ಟುತ್ತಿದ್ದುದರಿಂದ ಪಂದ್ಯ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ನಡೆಯಬೇಕಾಯಿತು. ಅದು ಐರಿಷ್ ದೇಶೀಯ ಕ್ರೀಡೆಗಳ ಮನೆ. ಇಂಗ್ಲಿಷ್ ಮೂಲದ ಆಟಗಳಿಗೆ ಅಲ್ಲಿ ಬಹುಕಾಲ ಪ್ರವೇಶವೇ ಇರಲಿಲ್ಲ. 1920ರ ನವೆಂಬರ್ 21ರಂದು ಬ್ರಿಟಿಷ್ ಪಡೆಗಳು ಅದೇ ಮೈದಾನದಲ್ಲಿ ಗುಂಡು ಹಾರಿಸಿ ಹದಿನಾಲ್ಕು ಜನರ ಪ್ರಾಣ ತೆಗೆದಿದ್ದವು. ಸತ್ತವರಲ್ಲಿ ಆಟಗಾರನೊಬ್ಬನೂ ಇದ್ದ. ಅಂತಹ ನೆಲದ ಮೇಲೆ ಇಂಗ್ಲೆಂಡಿನ ರಾಜಗೀತೆಯನ್ನು ನುಡಿಸಬೇಕು! ಏನಾಗುವುದೋ ಎಂಬ ಆತಂಕ ಎಲ್ಲರಲ್ಲಿಯೂ ಇತ್ತು. ವಾದ್ಯ ಮೊಳಗಿತು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ತುಂಬಿದ್ದ ಆ ಮೈದಾನ ಗೌರವದಿಂದ ಆಲಿಸಿತು. ಮುಗಿದಾಗ ಚಪ್ಪಾಳೆ ತಟ್ಟಿತು. ಆಮೇಲೆ ಐರ್ಲೆಂಡಿನವರು ತಮ್ಮ ಗೀತೆಯನ್ನು ಹಾಡುವಾಗ ಅವರ ಆಟಗಾರರ ಕಣ್ಣುಗಳೇ ತೇವವಾಗಿದ್ದವು. ಅಂದು ಇಂಗ್ಲೆಂಡ್ 43–13ರಿಂದ ಸೋತಿತು. ಆಟದಲ್ಲಿ ಲವಲೇಶವೂ ದಾಕ್ಷಿಣ್ಯವಿರಲಿಲ್ಲ, ಗೌರವದಲ್ಲಿ ಲವಲೇಶವೂ ಕೊರತೆಯಿರಲಿಲ್ಲ.

ಈ ಸ್ನೇಹ ಎಂದೂ ಕಲಕುವುದಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 1990ರಲ್ಲಿ ಇಂಗ್ಲೆಂಡ್ ತಂಡ ಎಡಿನ್‌ಬರೋಗೆ ಹೋದಾಗ, ಲಂಡನ್ ಸರ್ಕಾರ ತಲೆಗಂದಾಯವನ್ನು ಮೊದಲು ಸ್ಕಾಟ್ಲೆಂಡಿನ ಮೇಲೆ ಹೇರಿತ್ತೆಂಬ ಸಿಟ್ಟು ಅಲ್ಲಿನ ಜನರ ಹಾಡಿನಲ್ಲಿ ಕುದಿಯುತ್ತಿತ್ತು. ಸ್ಕಾಟ್ಲೆಂಡ್ 13–7ರಿಂದ ಗೆದ್ದಿತು. ಕೆಲವೊಮ್ಮೆ ಕುಡಿತ ನಾಲಗೆಯನ್ನು ಹರಿಯಬಿಡುತ್ತದೆ. ಅತಿಸ್ನೇಹವೂ ಅಪಾಯವೇ. 1988ರ ಪಂದ್ಯದ ರಾತ್ರಿ ಎರಡೂ ತಂಡಗಳ ಒಬ್ಬೊಬ್ಬ ಆಟಗಾರ ಸೇರಿ ಕಲ್ಕತ್ತಾ ಕಪ್ಪನ್ನು ಎಡಿನ್‌ಬರೋ ಬೀದಿಗೆ ಒಯ್ದರು. ಅದು ಜಜ್ಜಿಹೋಗಿ ರಿಪೇರಿಗೆ ಹೋಗಬೇಕಾಯಿತು. ಸ್ಕಾಟ್ಲೆಂಡಿನವನನ್ನು ಆರು ತಿಂಗಳು ಆಟದಿಂದ ದೂರವಿಟ್ಟರು. ಇಂಗ್ಲೆಂಡಿನವನ ಶಿಕ್ಷೆ ಬಹಳ ಹಗುರವಾಗಿತ್ತು. ಅಭಿಮಾನಿಗಳ ಛೇಡನೆಗೆ ಇದೂ ಒಂದು ಸಾಮಗ್ರಿಯಾಯಿತು.

2021ರ ಫೆಬ್ರುವರಿಯ ಪ್ರಸಂಗವೊಂದನ್ನು ಹೇಳಿ ಮುಗಿಸುತ್ತೇನೆ. ಮೊದಲ ಪಂದ್ಯಕ್ಕೆ ನೂರೈವತ್ತು ತುಂಬುತ್ತಿದ್ದ ಆ ವರ್ಷ ಸ್ಕಾಟ್ಲೆಂಡ್ ಟ್ವಿಕನ್‌ಹ್ಯಾಮಿನಲ್ಲಿ ಇಂಗ್ಲೆಂಡನ್ನು 11–6ರಿಂದ ಸೋಲಿಸಿತು. ಆ ಮೈದಾನದಲ್ಲಿ 1983ರ ನಂತರ ಅವರಿಗೆ ದೊರೆತ ಮೊದಲ ಗೆಲುವು ಅದು. ಮೂವತ್ತೆಂಟು ವರ್ಷ ಎರಡು ವರ್ಷಕ್ಕೊಮ್ಮೆ ಲಂಡನ್ನಿಗೆ ಹೋಗಿ ಗೆಲುವು ಕಾಣದೆ ಬಂದಿದ್ದ ಅಭಿಮಾನಿಗಳಲ್ಲಿ ಒಬ್ಬನೂ ಅದನ್ನು ಅಲ್ಲಿ ಕುಳಿತು ನೋಡಲಿಲ್ಲ. ಸಾಂಕ್ರಾಮಿಕ ರೋಗದ ಕಾರಣ ಮೈದಾನವೆಲ್ಲ ಖಾಲಿಯಾಗಿತ್ತು. ಗೆದ್ದವರು ಮನೆಯಲ್ಲಿ ಹಿಗ್ಗಿದರು, ಸೋತವರು ಮನೆಯಲ್ಲಿ ಮರುಗಿದರು. ಛೇಡಿಸಲು ಪಕ್ಕದಲ್ಲಿ ಎದುರಾಳಿಯಿಲ್ಲದ ಗೆಲುವು, ಬೀಗರು ಬಾರದ ಮದುವೆಯ ಊಟದಂತೆ.

ಕಲ್ಕತ್ತೆಯ 270 ರೂಪಾಯಿಗಳು ಹಂಚಿಹೋಗಿದ್ದರೆ ಕೆಲವು ದಿನಗಳಲ್ಲಿ ಕರಗಿ ಮರೆತುಹೋಗುತ್ತಿದ್ದವು. ಬಟ್ಟಲಾದದ್ದರಿಂದ ಅವು ಎರಡು ನಾಡುಗಳನ್ನು ಮತ್ತೆ ಮತ್ತೆ ಒಬ್ಬರ ಅಂಗಳಕ್ಕೆ ಇನ್ನೊಬ್ಬರನ್ನು ಕರೆದು ತರುತ್ತಿವೆ. ಆ ಬಟ್ಟಲು ಈ ವರ್ಷ ಯಾರ ಮನೆಯಲ್ಲಾದರೂ ಇರಲಿ, ಅದನ್ನು ಕೇಳಲು ಬರುವವರಿಗೆ ಬಾಗಿಲು ತೆರೆದೇ ಇರುತ್ತದೆ.